ಒಂದು ಬೆರಳು ಹಾಸಿಗೆ, ಎರಡು ಬೆರಳು ಚಾದರ

ಖೈರೂ ಆಪಾ ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಅವರ ಕಣ್ಣು ಮೊದಲು ಬೀಳುತ್ತಿದ್ದುದು ಎದುರಿದ್ದವರ ಬಲಗೈಯ ಮೇಲೆ. ಎಡಚರಾದರೆ ಎಡಗೈಯ ಮೇಲೆ. ಆ ಕೈಯಲ್ಲಿ ಪೆನ್ಸಿಲ್ಲೋ ಪೆನ್ನೋ ಇದ್ದು, ಅದನ್ನು ಹಿಡಿದ ರೀತಿ ತಪ್ಪಾಗಿದ್ದರೆ ಮುಗಿಯಿತು. ಮದುವೆಯ ಮಾತುಕತೆ ನಡೆದಿರಲಿ, ಸರದಿಯಲ್ಲಿ ಹಿಂದೆ ಹತ್ತು ಜನ ನಿಂತಿರಲಿ, ಆಪಾ ಬುರ್ಖಾದ ತೋಳು ಮೇಲೇರಿಸಿ ಮುಂದಕ್ಕೆ ಬಾಗಿಬಿಡುತ್ತಿದ್ದರು.

ಒಮ್ಮೆ ಅವರ ಜೊತೆ ಅಂಚೆ ಕಚೇರಿಗೆ ಹೋಗಿದ್ದೆ. ಕಿಟಕಿಯ ಆಚೆ ಕುಳಿತ ಗುಮಾಸ್ತರು ನಿವೃತ್ತಿಯ ಅಂಚಿನಲ್ಲಿದ್ದ ಗಂಭೀರ ಮನುಷ್ಯ. ಪೆನ್ನನ್ನು ಐದೂ ಬೆರಳಲ್ಲಿ ಹಿಸುಕಿ ಹಿಡಿದು ರಸೀದಿ ಬರೆಯುತ್ತಿದ್ದರು. ಆಪಾ ಒಂದು ನಿಮಿಷ ತಡೆದರು. ಎರಡನೆಯ ನಿಮಿಷಕ್ಕೆ ತಡೆಯಲಾಗಲಿಲ್ಲ.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಅದೇನ ಪೆನ್ನೋ, ಕೋಳಿ ಕುತ್ತಿಗಿಯೋ?"

"ಏನಂದ್ರಿ?" ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿದರು.

"ಕೊಯ್ಯೂ ಮುಂದ ಹಿಡಿದಂಗ ಹಿಡದೀರಿ. ಸಂಜಿಕ ಕೈ ನೋಯೂದಿಲ್ಲೇನ್ರಿ?"

"ನೋಯ್ತೈತಿ." ಗುಮಾಸ್ತರ ದನಿ ಇಳಿಯಿತು. "ನಿಮಗ ಹೆಂಗ ಗೊತ್ತಾತು?"

"ಕುತ್ತಿಗಿ ಹಿಚಕಿದ್ರ ಕೋಳಿ ಒದರ್ತೈತಿ. ಪೆನ್ನ ಒದರೂದಿಲ್ಲ. ಅದಕ್ಕ ಕೈ ಒದರ್ತೈತಿ." ಹೀಗೆಂದು ಆಪಾ ಕಿಟಕಿಯ ಕೆಳಗಿನ ಸಂದಿಯಲ್ಲಿ ಕೈ ತೂರಿಸಿ, ಸರಕಾರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೂಡಿಸತೊಡಗಿದರು. ಹಿಂದಿನಿಂದ ಯಾರೋ, "ಅಜ್ಜಿ, ಸಾಲಿ ಇಲ್ಲೇ ತಗದೀರೇನ?" ಎಂದು ಕೂಗಿದರು. ಆಪಾ ತಿರುಗಿಯೂ ನೋಡಲಿಲ್ಲ.

ಮುಂದಿನ ಸಲ ನಾವು ಹೋದಾಗ ಆ ಗುಮಾಸ್ತರು ಆಪಾನನ್ನು ದೂರದಿಂದಲೇ ಕಂಡು ಪೆನ್ನನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. ಎಲ್ಲವನ್ನೂ ಒಂದೇ ಬೆರಳಲ್ಲಿ ಕಂಪ್ಯೂಟರಿಗೆ ಕುಟ್ಟಿದರು. ಕೀಬೋರ್ಡಿನಲ್ಲಿ ತಪ್ಪು ಹುಡುಕುವುದು ಆಪಾಗೆ ಬರುತ್ತಿರಲಿಲ್ಲ. ಇಡೀ ಬೆಳಗಾವಿಯಲ್ಲಿ ಅವರ ಕೈಯಿಂದ ಪಾರಾದ ಏಕೈಕ ಮನುಷ್ಯ ಇವರೇ ಇರಬೇಕು.

ಇಷ್ಟೆಲ್ಲ ಕೇಳಿ ಆಪಾ ಶಾಲೆಯ ಮಾಸ್ತರಬಾಯಿ ಎಂದುಕೊಳ್ಳಬೇಡಿ. ಶಾಲೆಯನ್ನು ನಾಲ್ಕನೇ ಇಯತ್ತೆಗೆ ಬಿಟ್ಟವರು. ಖಡೇಬಜಾರದ ಹಿಂದಿನ ಒಂದು ಗಲ್ಲಿಯಲ್ಲಿ, ಎರಡು ಕೋಣೆಯ ಮನೆಯಲ್ಲಿ ಕುಳಿತು, ಮದುವೆಯ ಬ್ಲೌಸುಗಳ ಕಸೂತಿಗೆ ನಕ್ಷೆ ಬರೆದುಕೊಡುವುದು ಅವರ ಕಸುಬು. ತೆಳುವಾದ ಬಟರ್ ಪೇಪರಿನ ಮೇಲೆ ಪೆನ್ಸಿಲ್ಲಿನಲ್ಲಿ ಬಳ್ಳಿ, ಹೂವು, ನವಿಲು ಬರೆಯುವರು. ಆಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚುವರು. ಹೀಗೆ ತೂತು ಬಿದ್ದ ಕಾಗದಕ್ಕೆ ಖಾಕಾ ಎಂದು ಹೆಸರು. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಣ್ಣದ ಪುಡಿಯನ್ನು ಅರಿವೆಯಿಂದ ಒರೆಸಿದರೆ ಅದು ತೂತುಗಳಿಂದ ಇಳಿದು ಬಟ್ಟೆಯ ಮೇಲೆ ಚುಕ್ಕೆಚುಕ್ಕೆಯ ಬಳ್ಳಿ ಮೂಡುತ್ತಿತ್ತು. ಒಳಕೋಣೆಯಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು ಕುಳಿತ ಶಬಾನಾ ಮತ್ತು ಇನ್ನು ಮೂವರು ಹೆಂಗಸರು ಆ ಚುಕ್ಕೆಗಳ ಮೇಲೆ ಜರಿ, ಮಣಿ ತುಂಬುತ್ತಿದ್ದರು.

ಪೆನ್ಸಿಲ್ಲಿನ ಗೆರೆ ಒಂದು ಕೂದಲೆಳೆಯಷ್ಟು ಅಲುಗಿದರೂ ಸೂಜಿ ಅಲ್ಲಿಗೇ ಹೋಗುತ್ತದೆ, ಸೂಜಿಯ ಹಿಂದೆ ಜರಿ ಹೋಗುತ್ತದೆ, ಜರಿಯ ಹಿಂದೆ ಮದುಮಗಳ ಬೆನ್ನಿನ ಫೋಟೋ ತೆಗೆಯುವವನ ಕ್ಯಾಮೆರಾ ಹೋಗುತ್ತದೆ. ಹಾಗಾಗಿ ಆಪಾನ ಸಂಸಾರವೆಲ್ಲ ನಿಂತಿದ್ದು ಮೂರು ಬೆರಳಿನ ಮೇಲೆ.

ನನ್ನ ಅವ್ವನಿಗೆ ಖಾನಾಪುರದ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ. ಕಸೂತಿಯ ಬ್ಲೌಸು ಬಂದರೆ ಬಟ್ಟೆ ಆಪಾನ ಮನೆಗೆ ಹೋಗಬೇಕು, ತುಂಬಿ ತಿರುಗಿ ಬರಬೇಕು. ನಾನು ಬೆಳಗಾವಿಯ ಕಾಲೇಜಿಗೆ ದಿನವೂ ರೈಲಿನಲ್ಲಿ ಹೋಗಿಬರುವವನಾದ್ದರಿಂದ ಆ ಚೀಲ ನನ್ನ ಹೆಗಲಿಗೆ ಬಿತ್ತು. ಬಿ.ಕಾಂ. ಮೊದಲ ವರ್ಷ. ಓದಿಗಿಂತ ನನಗೆ ಹೆಸರಿದ್ದದ್ದು ನಕಲಿಯಲ್ಲಿ. ಪರೀಕ್ಷೆಯ ನಕಲಲ್ಲ, ಜನರ ನಕಲಿ. ನಮ್ಮ ಪ್ರಿನ್ಸಿಪಾಲರು ಕೆಮ್ಮುವ ರೀತಿ, ದೇಸೂರಿನಲ್ಲಿ ಹತ್ತುವ ಹಾಲಿನವ ಕ್ಯಾನಿನ ಮೇಲೆ ಕುಳಿತು ನಿದ್ದೆ ಮಾಡುವ ರೀತಿ, ಅವ್ವ ಬಟ್ಟೆಗೆ ಚುಚ್ಚುವ ಟಾಚಣಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೈಯುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಸ್ವಂತದ್ದು ಅಂತ ನನ್ನಲ್ಲಿ ಏನೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತರೆ ಕನ್ನಡಿಯೇ, "ಇವತ್ತ ಯಾರ್ರಿ ನೀವು?" ಎಂದು ಕೇಳಬೇಕು, ಹಾಗಿದ್ದೆ.

ಮೊದಲ ದಿನ ಆಪಾನ ಮುಂದೆ ಕುಳಿತು, ಅವ್ವ ಫೋನಿನಲ್ಲಿ ಹೇಳಿದ ತೋಳಿನ ಅಳತೆ ಬರೆದುಕೊಳ್ಳುತ್ತಿದ್ದೆ. ಪೆನ್ಸಿಲ್ ನನ್ನ ಮುಷ್ಟಿಯಲ್ಲಿತ್ತು. ಹೆಬ್ಬೆರಳು ಅದರ ಮೇಲೆ ಹಾವಿನಂತೆ ಸುತ್ತಿಕೊಂಡಿತ್ತು. ಫೋನ್ ಇಡುವುದರೊಳಗೆ ಪೆನ್ಸಿಲ್ ಮಾಯವಾಗಿತ್ತು. ಅದು ಆಪಾನ ಕೈಯಲ್ಲಿತ್ತು.

"ಇದನ್ನ ಹಿಡಿಯೂದ ಯಾರ ಕಲಿಸ್ಯಾರ ನಿನಗ?"

"ಯಾರೂ ಕಲಿಸಿಲ್ರಿ."

"ಗೊತ್ತಾತು."

ಆಮೇಲೆ ಅವರು ನನ್ನ ಕೈಯನ್ನು ಎಳೆದು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಹೇಳಿದ ಪಾಠ ಈಗಲೂ ಬಾಯಿಗೆ ಬರುತ್ತದೆ.

"ನೋಡ ಬೇಟಾ, ನಡೂ ಬಟ್ಟ ಐತೆಲ್ಲ, ಅದು ಹಾಸಿಗಿ. ಪೆನ್ಸಿಲ್ ಅದರ ಮ್ಯಾಲ ಮಲಗಬೇಕು. ಹೆಬ್ಬಟ್ಟ, ತೋರಬಟ್ಟ ಎರಡೂ ಚಾದರ. ಬರೇ ಹೊಚ್ಚಬೇಕು, ಅಷ್ಟ. ಮಲಗಿದಾವ್ನ ಎದಿ ಮ್ಯಾಲ ಕುಂದರ್ತಾರೇನ ಯಾರರ? ಮುಳ್ಳಿನಿಂದ ಒಂದ ಇಂಚ ಮ್ಯಾಲ ಹಿಡಿ. ಕಿರುಬಟ್ಟ ಕಾಗದದ ಮ್ಯಾಲ ಕಾಲೂರಿ ನಿಲ್ಲಬೇಕು, ಇಲ್ಲಂದ್ರ ಕೈ ಹಳ್ಳಕ್ಕ ಬಿದ್ದಂಗ. ಸಣ್ಣ ಹೂವಿಗಿ ಬಟ್ಟ ಆಡ್ಲಿ, ದೊಡ್ಡ ಬಳ್ಳಿಗಿ ಭುಜ ಆಡ್ಲಿ."

ಬಟ್ಟು ಎಂದರೆ ಬೆರಳು, ಮುಳ್ಳು ಎಂದರೆ ಸೀಸದ ತುದಿ. ಅದನ್ನು ಅವರು ಶಾರ್ಪನರಿಗೆ ಕೊಟ್ಟವರಲ್ಲ. ಬ್ಲೇಡಿನಿಂದ ನಿಧಾನವಾಗಿ, ಸೌತೆಕಾಯಿ ಸಿಪ್ಪೆ ತೆಗೆದಂತೆ ತೆಗೆದು, ಅರ್ಧ ಬೆರಳುದ್ದದ ಸೀಸ ಹೊರಗಿಡುತ್ತಿದ್ದರು. ಗೆರೆ ಎಳೆಯುತ್ತಾ ಪೆನ್ಸಿಲ್ಲನ್ನು ಬೆರಳಲ್ಲೇ ಕಾಣದಷ್ಟು ಮೆಲ್ಲಗೆ ತಿರುಗಿಸುತ್ತಿದ್ದರು. ಸೀಸ ಒಂದೇ ಕಡೆ ಸವೆಯಬಾರದು. ಆ ತಿರುಗಿಸುವಿಕೆ ನನ್ನ ಕಣ್ಣಿಗೆ ಬೀಳಲು ನಾಲ್ಕು ತಿಂಗಳು ಬೇಕಾಯಿತು. ಕಂಡ ದಿನ ಒಂದು ಜಾದೂ ಹಿಡಿದೆ ಎಂದು ರೈಲಿನಲ್ಲಿ ಎಲ್ಲರಿಗೂ ಮಾಡಿ ತೋರಿಸಿದೆ. ಹಾಲಿನವನಿಗೆ ಮಾತ್ರ ಅರ್ಥವಾಗಲಿಲ್ಲ, ಅವನು ಮಲಗಿದ್ದ.

ಪಾಠ ಕೇಳಿದ ಮಾತ್ರಕ್ಕೆ ನನ್ನ ಹದಿನೆಂಟು ವರ್ಷದ ಮುಷ್ಟಿ ಬಿಟ್ಟುಕೊಡುತ್ತದೆಯೇ? ಆಪಾ ಒಂದು ಉಪಾಯ ಮಾಡಿದರು. ಅಡುಗೆ ಕಟ್ಟೆಯಿಂದ ಒಂದು ಹುಣಸೆ ಬೀಜ ತಂದು ನನ್ನ ಅಂಗೈಯಲ್ಲಿಟ್ಟು, ಉಂಗುರಬೆರಳು ಕಿರುಬೆರಳುಗಳನ್ನು ಅದರ ಮೇಲೆ ಮಡಚಿದರು. "ಈ ಎರಡೂ ಬಟ್ಟಿಗಿ ಈಗ ನೌಕರಿ ಸಿಕ್ತು. ಬೀಜ ಕಾಯಬೇಕು. ಇನ್ನ ಪೆನ್ಸಿಲ್ ಕಡೆ ಬಂದ ಗದ್ಲ ಮಾಡೂದಿಲ್ಲ. ಬರಿಯೂ ಮುಂದ ಬೀಜ ಬಿತ್ತಂದ್ರ ಮತ್ತ ಮೊದಲಿಂದ ಬರಿ."

ಖರೇ ಹೇಳುತ್ತೇನೆ, ಕೆಲಸ ಮಾಡಿತು. ಎಷ್ಟು ರೂಢಿಯಾಯಿತೆಂದರೆ ಬೀಜವಿಲ್ಲದೆ ನನಗೆ ಬರೆಯಲೇ ಬರದಾಯಿತು. ವರ್ಷದ ಪರೀಕ್ಷೆಗೂ ಬೀಜ ಹಿಡಿದೇ ಕುಳಿತೆ. ಮೇಲ್ವಿಚಾರಕರು ಎರಡು ಸಲ ನನ್ನ ಬಾಜೂಕ ಬಂದು ಹೋದರು. ಮೂರನೆಯ ಸಲ ನಿಂತರು.

"ಕೈ ಬಿಚ್ಚು."

"ಏನಿಲ್ರಿ ಸರ್."

"ಏನಿಲ್ಲಂದ್ರ ಬಿಚ್ಚಾಕ ಏನಾಗೇತಿ? ಚೀಟಿ ತಗಿ ಹೊರಗ."

ಬಿಚ್ಚಿದೆ. ಬೆವರಿನಲ್ಲಿ ಮಿರಮಿರ ಮಿಂಚುವ ಒಂದು ಹುಣಸೆ ಬೀಜ. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೇಲೆ ಆದಾಯ ತೆರಿಗೆಯ ಕಲಮುಗಳನ್ನು ಕೊರೆದಿದ್ದೇನೋ ಎಂಬ ಅನುಮಾನ. ಏನೂ ಸಿಗದೆ, "ಇದು ಯಾವ ದೇವರದು?" ಎಂದು ಮೆಲ್ಲಗೆ ಕೇಳಿದರು. ಖೈರೂ ಆಪಾನದು ಎಂದು ಹೇಳುವ ಧೈರ್ಯವಾಗಲಿಲ್ಲ. "ಮನಿ ದೇವರ್ರೀ," ಎಂದೆ. ಕಣ್ಣಿಗೊತ್ತಿಕೊಂಡು ತಿರುಗಿ ಕೊಟ್ಟರು.

ಈ ಕತೆಯನ್ನು ಆಪಾನ ಮನೆಯಲ್ಲಿ ಅಭಿನಯಿಸಿ ತೋರಿಸಿದ ದಿನ ಶಬಾನಾ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು. ಅಂದಿನಿಂದ ಅಲ್ಲಿ ನನ್ನ ಆಟ ಶುರುವಾಯಿತು. ಚೀಲ ಕೊಟ್ಟು ಹೋಗುವ ಬದಲು ಮುಂದಿನ ರೈಲಿನವರೆಗೆ ಕೂತುಬಿಡುತ್ತಿದ್ದೆ. ಬೇರೆ ನಕಲಿಯವರು ಜನರ ದನಿ ಹಿಡಿಯುತ್ತಾರೆ. ಆ ಮನೆಯಲ್ಲಿ ಕೂತು ಕೂತು ನಾನು ಜನರ ಕೈ ಹಿಡಿಯುವುದನ್ನು ಕಲಿತೆ. (ತಪ್ಪು ತಿಳಿಯಬೇಡಿ, ನನ್ನ ಮದುವೆ ಇನ್ನೂ ಆಗಿಲ್ಲ.) ಯಾರು ಹೇಗೆ ಕುಳಿತು ಪೆನ್ಸಿಲ್ ಎತ್ತುತ್ತಾರೆ, ಗೆರೆಗೆ ಮುಂಚೆ ಎಷ್ಟು ಹೊತ್ತು ಗಾಳಿಯಲ್ಲಿ ಆಡಿಸುತ್ತಾರೆ, ಎಲ್ಲಿ ಉಸಿರು ಬಿಡುತ್ತಾರೆ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಆಪಾನ ಕೈ. ಸೆರಗು ತಲೆಗೆಳೆದು, ಕಾಗದದ ಮೇಲಿನ ಇಲ್ಲದ ಧೂಳನ್ನು ಎರಡು ಸಲ ಊದಿ, "ಬಿಸ್ಮಿಲ್ಲಾ" ಎಂದು, ಒಂದೇ ಉಸಿರಿಗೆ ಬಳ್ಳಿ ಎಳೆದಂತೆ ಮಾಡಿದರೆ ಹೆಂಗಸರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆಪಾ ರಬ್ಬರು ತೆಗೆದು ನನ್ನ ತಲೆಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಮಂಗ್ಯಾ ಎನ್ನುವುದು ಅವರು ನನಗಿಟ್ಟ ಹೆಸರು.

ವಿಚಿತ್ರವೆಂದರೆ, ಆಪಾನ ಹಾಗೆ ಹಿಡಿದಾಗ ನನ್ನ ಗೆರೆಯೂ ನೆಟ್ಟಗೆ ಬರುತ್ತಿತ್ತು. ನನ್ನ ಹಾಗೆ ಹಿಡಿದರೆ ಕಾಗೆ ಕಾಲು.

ಮೂರನೆಯ ವರ್ಷ ಹೂವುಗಳು ಸಣ್ಣವಾಗತೊಡಗಿದವು. ಹಿಂದೆ ರೂಪಾಯಿಯಗಲ ಅರಳುತ್ತಿದ್ದ ಹೂವು ಬಟಾಣಿಯಷ್ಟಾಯಿತು. "ಆಪಾ, ಇಷ್ಟ ಸಣ್ಣದ್ರಾಗ ಮಣಿ ಎಲ್ಲಿ ಕುಂದರ್ಸಲಿ?" ಎಂದು ಶಬಾನಾ ಗೊಣಗಿದರೆ, "ಈಗ ಇದ ಫ್ಯಾಶನ್, ನಿನಗೇನ ಗೊತ್ತು," ಎಂದು ಬಾಯಿ ಮುಚ್ಚಿಸುತ್ತಿದ್ದರು. ಸುಮ್ಮನೆ ಕುಳಿತಾಗ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವ ಹೊಸ ರೂಢಿ ಬಂದಿತ್ತು. ಗೆರೆ ಎಳೆಯುವಾಗ ಎಡಗೈ ಬಂದು ಬಲಗೈಯ ಮಣಿಕಟ್ಟು ಹಿಡಿಯುತ್ತಿತ್ತು. ಇದೆಲ್ಲವನ್ನೂ ನಾನು ನೋಡಿದೆ. ನೋಡಿದ್ದನ್ನು ನನ್ನಂಥವನು ಏನು ಮಾಡುತ್ತಾನೆ? ಆಟಕ್ಕೆ ಸೇರಿಸಿಕೊಂಡೆ.

ಅಂದು ಶುಕ್ರವಾರ, ಅರ್ಧ ದಿನದ ಕೆಲಸ. ಚಾ ಬಂದಿತ್ತು. "ಪರಶ್ಯಾ, ಆಪಾನ್ನ ಮಾಡೋ," ಎಂದಳು ಶಬಾನಾ. ನಾನು ಎದ್ದೆ. ಸೆರಗು, ಧೂಳು, ಬಿಸ್ಮಿಲ್ಲಾ, ಎಲ್ಲ ಆಯಿತು. ಆಮೇಲೆ ಹೊಸ ಸರಕು ತೆಗೆದೆ. ಬಲಗೈಯನ್ನು ತೊಡೆಯಡಿ ಸೇರಿಸಿ ಮೈ ಅಲ್ಲಾಡಿಸಿ ಕುಳಿತು, "ನೋಡ್ರಿ, ಆಪಾ ಕಾವ ಕುಂತಾಳ! ಇನ್ನ ಮರಿ ಬರೂದ ತಡ," ಎಂದೆ. ನಗೆ. ಎಡಗೈಯಿಂದ ಬಲಗೈಯನ್ನು ಕಳ್ಳನನ್ನು ಠಾಣೆಗೆ ಒಯ್ದ ಹಾಗೆ ಕಾಗದಕ್ಕೆ ಒಯ್ದೆ. ಇನ್ನೂ ನಗೆ. ಕಣ್ಣು ಕಿರಿದು ಮಾಡಿ ಇರುವೆಯಷ್ಟು ಹೂವು ಬರೆದೆ.

ಮೊದಲು ನಗೆ ನಿಲ್ಲಿಸಿದವಳು ಶಬಾನಾ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಆಪಾನನ್ನು ನೋಡುತ್ತಿದ್ದಳು. ಆಪಾ ಆ ಹೊತ್ತಿನಲ್ಲೂ ಕೈ ತೊಡೆಯಡಿ ಇಟ್ಟೇ ಕುಳಿತಿದ್ದರು.

"ಆಪಾ, ಕೈ ತಗೀರಿ."

"ಯಾಕ?"

"ತಗೀರಿ ಅಂದ್ನೆಲ್ಲ."

ಕೈ ಹೊರಗೆ ಬಂತು. ಮಡಿಲಲ್ಲಿ ಬಿದ್ದಿತು. ಹೆಬ್ಬೆರಳು ತೋರುಬೆರಳಿನ ಮೇಲೆ ಓಡಾಡುತ್ತಿತ್ತು, ಸಾರಿಗೆ ಚಿಟಿಕೆ ಉಪ್ಪು ಉದುರಿಸುವ ಹಾಗೆ. ಉಪ್ಪು ಇರಲಿಲ್ಲ, ಬೆರಳು ನಿಲ್ಲಲೂ ಇಲ್ಲ.

 ನಾನು ಎಡಗೈಯಲ್ಲಿ ನನ್ನದೇ ಬಲಗೈ ಹಿಡಿದುಕೊಂಡೇ ಕುಳಿತಿದ್ದೆ. ಬಿಡುವುದು ಹೇಗೆಂದು ತಿಳಿಯಲಿಲ್ಲ.

"ಆರ ತಿಂಗಳಾತು," ಎಂದರು ಆಪಾ, ಯಾರಿಗೋ ಹೇಳುವಂತೆ. ಆಮೇಲೆ ನನ್ನ ಕಡೆ ತಿರುಗಿ, "ಮಂಗ್ಯಾ, ಮನ್ಯಾಗ ಇದ್ದಾವ್ರಿಗಿ ಕಾಣದಂಗ ಇಟ್ಟಿದ್ನೆಲ್ಲೋ. ನೀ ಎಲ್ಲಿ ನೋಡಿದಿ?" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಶಬಾನಾ ನರದ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಕೈ ನಡುಗಿ, ಬರಹ ಚಿಕ್ಕದಾಗುತ್ತ ಹೋಗುವ ನರದ ಕಾಯಿಲೆಯಂತೆ. ಗುಳಿಗೆಯಿಂದ ಊಟ, ಉಡುಗೆ, ನಡಿಗೆ ಸುಧಾರಿಸುತ್ತದೆ, ಸಣ್ಣ ಗೆರೆಯ ಮಾತು ಮಾತ್ರ ಕೇಳಬೇಡಿ ಎಂದರಂತೆ. ಆಪಾ ಕೇಳಿದ್ದು ಅದೊಂದನ್ನೇ.

ಹದಿನೈದು ದಿನದಲ್ಲಿ ಗುಂಜಿ ಊರಿನ ಒಂದು ಮದುವೆಯಿತ್ತು. ಮದುಮಗಳ ತಾಯಿಯನ್ನು ನಾವೆಲ್ಲ ಗುಂಜಿ ಕಾಕೂ ಎನ್ನುತ್ತಿದ್ದೆವು. ಅವ್ವನ ಹಳೆಯ ಗಿರಾಕಿ. ಬ್ಲೌಸಿನ ತೋಳುಗಳು ಆಗಿದ್ದವು, ಬೆನ್ನಿನ ನಕ್ಷೆ ಉಳಿದಿತ್ತು. ನಾನು ಬಟ್ಟೆ ತೆಗೆದುಕೊಂಡು ಹೋದಾಗ ಆಪಾನ ಸುತ್ತ ಐದು ಬಟರ್ ಪೇಪರುಗಳು ಬಿದ್ದಿದ್ದವು. ಐದರಲ್ಲೂ ಬಳ್ಳಿ ಶುರುವಾಗಿ, ಒಂದು ಗೇಣು ಹೋಗಿ, ಹಲ್ಲು ಹಲ್ಲಾಗಿ ನಿಂತಿತ್ತು. ನಾನು ಚೀಲ ಹೊಸಿಲಲ್ಲಿಟ್ಟು ಹಾಗೇ ತಿರುಗಿದೆ. ಆ ಶುಕ್ರವಾರದ ನಂತರ ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

"ಎಲ್ಲಿ ಹೊಂಟಿ? ಬಾ, ಕುಂದ್ರು. ನನ್ನ ಮಾಡು."

"ಬ್ಯಾಡ್ರಿ ಆಪಾ. ತಪ್ಪಾತ್ರಿ."

"ನಗಸಾಕ ಅಲ್ಲೋ, ಗೆರಿ ಎಳ್ಯಾಕ. ಹಳೀ ಆಪಾನ್ನ ಮಾಡು. ಹೂವ ದೊಡ್ಡದಿದ್ದಾಗಿನಾಕಿನ್ನ."

ಪೆನ್ಸಿಲ್ ಕೈಗಿಟ್ಟರು. ನಾನು ಕುಳಿತೆ. ಊದಿದೆ. ಬಿಸ್ಮಿಲ್ಲಾ ಎಂದೆ, ಈ ಸಲ ನಗೆ ಬರಿಸಲು ಅಲ್ಲ. ನಡುಬೆರಳು ಹಾಸಿಗೆಯಾಯಿತು, ಪೆನ್ಸಿಲ್ ಮಲಗಿತು, ಭುಜ ಆಡಿತು. ಬಳ್ಳಿ ಒಂದೇ ಉಸಿರಿಗೆ ಮೇಲಕ್ಕೆ ಹೋಯಿತು. ಚೌಕಟ್ಟಿನ ಹೆಂಗಸರು ಎದ್ದು ಬಂದರು. ನನಗೇ ನಂಬಿಕೆ ಬರಲಿಲ್ಲ. ಉತ್ಸಾಹದಲ್ಲಿ ಎರಡು ಎಲೆ, ಒಂದು ಹೂವು ಕೂಡ ಇಟ್ಟೆ.

ಆಪಾ ಕಾಗದ ಎತ್ತಿ ನೋಡಿದರು. "ಗೆರಿ ನಂದ. ಹೂವ ನಿಂದ. ನಿನ್ನ ಹೂವಿಗಿ ತಲಿ ಎಲ್ಲಿ, ಕಾಲ ಎಲ್ಲಿ ಗೊತ್ತಾಗವಲ್ದು. ಮಂಗ್ಯಾನ ಕೈಯಾಗ ಮಾಣಿಕ ಅಂತಾರಲ್ಲ, ಹಂಗಾತು."

ನಿಜವೇ. ಕೈ ಹೇಗೆ ಓಡುತ್ತದೆ ಎಂಬುದನ್ನು ಕದ್ದಿದ್ದೆ. ಎಲ್ಲಿಗೆ ಓಡಬೇಕೆಂಬುದು ಆಪಾನ ತಲೆಯಲ್ಲಿತ್ತು, ಅಲ್ಲಿಗೆ ನನ್ನ ಕಳ್ಳತನ ಮುಟ್ಟಿರಲಿಲ್ಲ. ಹಾಗಾಗಿ ಅವರು ಹೇಳುತ್ತಾ ಹೋದರು, ನಾನು ಎಳೆಯುತ್ತಾ ಹೋದೆ. "ಮ್ಯಾಲ ಹೋಗು, ಇನ್ನಷ್ಟ, ಈಗ ನಾಚಿ ತಿರುಗು. ಬಸ್. ಎಲಿಗಿ ಬೆನ್ನ ಕೊಡು. ಇಲ್ಲಿ ಉಸರ ಬಿಡು, ಹೂವ ಆಮ್ಯಾಲ." ಮೂರು ದಿನ ಕಾಲೇಜಿಗೆ ಚಕ್ಕರ್ ಹೊಡೆದು, ಒಂದು ಬೆನ್ನಿನ ನಕ್ಷೆಯನ್ನು ಇಬ್ಬರು ಸೇರಿ ಮುಗಿಸಿದೆವು. ಶಬಾನಾ ತೂತು ಚುಚ್ಚಿದಳು.

ಮದುವೆಯ ಖರೀದಿಗೆ ಬೆಳಗಾವಿಗೆ ಬಂದ ಗುಂಜಿ ಕಾಕೂ ಬ್ಲೌಸನ್ನು ತಾವೇ ಅವ್ವನ ಅಂಗಡಿಗೆ ಒಯ್ಯುವೆನೆಂದು ಬಂದ ದಿನ ಆಪಾ ಬಟ್ಟೆಯನ್ನು ಕೈಗೆ ಕೊಡದೆ ಮೊದಲು ಮಾತು ತೆಗೆದರು. "ಕಾಕೂ, ಒಂದ ಮಾತ ಕೇಳ್ರಿ. ತೋಳು ನನ್ನ ಕೈದು. ಬೆನ್ನ ಈ ಹುಡುಗಂದು. ನನ್ನ ಕೈ ಈಗ ನಿಲ್ಲೂದಿಲ್ಲ. ಬ್ಯಾಡಂದ್ರ ಬ್ಯಾಡ ಅನ್ರಿ, ನನಗ ಬ್ಯಾಸರಿಲ್ಲ."

ನಾನು ಗೋಡೆ ನೋಡಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾಕೂ ಬ್ಲೌಸನ್ನು ಬಾಗಿಲ ಬೆಳಕಿಗೆ ಒಯ್ದು, ತೋಳನ್ನೂ ಬೆನ್ನನ್ನೂ ಬಹಳ ಹೊತ್ತು ನೋಡಿದರು. "ಇಂವ ಬರದಾನ?" ಎಂದು ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಇಂವಂಗ ಸ್ವಂತ ಅಂಗಿ ಗುಂಡಿ ಸರಿ ಹಾಕ್ಕೊಳ್ಳಾಕ ಬರೂದಿಲ್ಲಲ್ರಿ." ಬಗ್ಗಿ ನೋಡಿದೆ, ಗುಂಡಿ ನಿಜವಾಗಿಯೂ ಒಂದು ಮನೆ ತಪ್ಪಿತ್ತು. ಕಾಕೂ ಬ್ಲೌಸು ಮಡಚಿ ಚೀಲಕ್ಕೆ ಹಾಕಿಕೊಂಡರು. "ಚಂದ ಆಗೇತಿ. ಮದವಿಗಿ ಬರ್ರಿ, ಆಪಾ. ಇಂವನ್ನ ಬೇಕಾದ್ರ ಕರಕೊಂಡ ಬರ್ರಿ."

ಅದು ಆಪಾ ಹೇಳಿ ಬರೆಸಿದ ಮೊದಲ ನಕ್ಷೆ. ಆಮೇಲೆ ಶಬಾನಾ ಪೆನ್ಸಿಲ್ ಹಿಡಿದಳು, ನನಗಿಂತ ಬೇಗ ಕಲಿತಳು. ಅವಳ ಹೂವಿಗೆ ತಲೆಯೂ ಇತ್ತು, ಕಾಲೂ ಇತ್ತು. ಮನೆ ನಡೆಯಿತು. ನಾನು ಡಿಗ್ರಿ ಮುಗಿಸಿ ಬೆಳಗಾವಿಯಲ್ಲೇ ಒಂದು ಕಚೇರಿ ಸೇರಿದೆ. ಅಲ್ಲಿ ಪೆನ್ಸಿಲ್ ಬೇಡ. ನಾನೂ ಗುಮಾಸ್ತರ ಹಾಗೆ ಒಂದು ಬೆರಳಲ್ಲಿ ಕುಟ್ಟುವವನೇ.

ಆದರೆ ಆ ಮನೆಯಲ್ಲಿ ಒಂದು ಬಗೆಯ ಮೆತ್ತನೆಯತನ ಬಂದುಬಿಟ್ಟಿತ್ತು. ಆಪಾಗೆ ಚಾ ಅರ್ಧ ಕಪ್ಪು ಕೊಡುತ್ತಿದ್ದರು, ಚೆಲ್ಲಬಾರದೆಂದು. ಯಾರೂ ಅವರೊಡನೆ ವಾದಿಸುತ್ತಿರಲಿಲ್ಲ. ನಾನು ಹೋದರೆ ಆರೋಗ್ಯ ವಿಚಾರಿಸಿ, ಆಸ್ಪತ್ರೆಗೆ ಬಂದ ದೂರದ ನೆಂಟನ ಹಾಗೆ ಮಂಡಿಯ ಮೇಲೆ ಕೈಯಿಟ್ಟು ಕೂರುತ್ತಿದ್ದೆ. ನಕಲಿ ನಿಂತೇಹೋಗಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಒಂದು ದಿನ ಪಕ್ಕದ ಮನೆಯ ಪುಟ್ಟ ಹುಡುಗಿ ಆಪಾನ ಎದುರಿಗೇ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಶಾಲೆಯ ಪಾಠ ಬರೆಯುತ್ತಿದ್ದಳು. ಆಪಾ ನೋಡಿದರು. ತೋಳು ಸ್ವಲ್ಪ ಮುಂದೆ ಬಂತು. ಮತ್ತೆ ಕೈಯನ್ನು ತೊಡೆಯಡಿ ಇಟ್ಟುಕೊಂಡು, ಕಿಟಕಿಯ ಕಡೆ ತಿರುಗಿದರು.

ಆಪಾ ತೀರಿಕೊಂಡು ಈಗ ಏಳು ತಿಂಗಳು. ಅವರನ್ನು ನಾನು ಕೊನೆಯ ಸಲ ಕಂಡದ್ದು ನಮ್ಮ ಊರಿನಲ್ಲೇ.

ಒಂದು ರವಿವಾರ ಬೆಳಿಗ್ಗೆ, ಹೇಳದೆ ಕೇಳದೆ, ಶಬಾನಾಳ ಭುಜ ಹಿಡಿದು ರೈಲಿನಿಂದ ಖಾನಾಪುರದಲ್ಲಿ ಇಳಿದು ಅವ್ವನ ಅಂಗಡಿಗೆ ಬಂದರು. ಅವ್ವ ಬಾಯಲ್ಲಿದ್ದ ಟಾಚಣಿ ತೆಗೆಯುವುದನ್ನೇ ಮರೆತು, "ಬರ್ರಿ ಬರ್ರಿ," ಎಂದಳು.

"ಇಪ್ಪತ್ತ ವರ್ಷ ಆತು ನಿಮ್ಮೂರಿನ ಹೆಣ್ಮಕ್ಕಳ ಬೆನ್ನ ಮ್ಯಾಲ ಬರ್ಯಾಕತ್ತು. ಊರ ಹೆಂಗೈತಿ ಅಂತ ನೋಡೇ ಇಲ್ಲ," ಎಂದರು ಆಪಾ.

ಊಟವಾದ ಮೇಲೆ ಪೇಟೆಗೆ ಕರೆದೊಯ್ದೆವು. ಅಂದು ಸಂತೆ. ಆಪಾ ಅಂಗಡಿ ನೋಡಲಿಲ್ಲ, ತರಕಾರಿ ನೋಡಲಿಲ್ಲ. ಜನರ ಬೆನ್ನು ನೋಡುತ್ತಾ ನಡೆದರು. ಬಾಳೆಹಣ್ಣು ಚೌಕಾಸಿ ಮಾಡುತ್ತಿದ್ದ ಒಬ್ಬ ಹೆಂಗಸಿನ ಹಿಂದೆ ನಿಂತುಬಿಟ್ಟರು. ಮಾಸಿದ ಹಸಿರು ಬ್ಲೌಸು, ಜರಿ ಕಪ್ಪಾಗಿತ್ತು, ಬಳ್ಳಿ ಇನ್ನೂ ನೆಟ್ಟಗಿತ್ತು. "ಶಬ್ಬೋ, ಇದು ನಂದ," ಎಂದು ಪಿಸುಗುಟ್ಟಿದರು. ಆ ಹೆಂಗಸು ತಿರುಗಿ, "ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದಳು. ಆಪಾ, "ಏನಿಲ್ಲವ್ವಾ, ಬಳ್ಳಿ ಚಂದ ಐತಿ," ಎಂದರು. "ನನ್ನ ಮದವೀದರಿ," ಎಂದು ಅವಳು ಕನ್ನಡಕ್ಕೆ ಹೊರಳಿ, ಹಣ್ಣು ಹಿಡಿದು ಹೊರಟುಹೋದಳು.

ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೂವರೂ ಕುಳಿತೆವು. ನಾನು ಎಂದಿನಂತೆ ಗುಳಿಗೆಯ ಮಾತು ತೆಗೆದೆ.

"ಗುಳಿಗಿ ಇರ್ಲಿ. ನನ್ನ ಮಾಡೂದ ಬಿಟ್ಟೆಲ್ಲ, ಯಾಕ?"

ನಾನು ಕಾಲ ಬಳಿಯಿದ್ದ ಅವರ ಚೀಲದ ಹಿಡಿಕೆ ಸರಿ ಮಾಡಿದೆ.

"ಎಲ್ಲಾರ್ನೂ ಮಾಡ್ತಿ. ನಿಮ್ಮ ಸಾಹೇಬನ್ನ ಮಾಡ್ತಿ, ನಿಮ್ಮವ್ವನ್ನ ಮಾಡ್ತಿ. ನಾ ಏನ ಸತ್ತೀನೇನ?"

"ಆಪಾ, ಹಂಗ್ಯಾಕ ಅಂತೀರಿ."

"ಹಂಗಾರ ಮಾಡು."

"ಹಳೀ ಆಪಾನ್ನ ಮಾಡ್ತೀನ್ರಿ."

"ಹಳೀ ಆಪಾ ಯಾರಿಗಿ ಬೇಕೋ? ಆಕಿ ಹ್ವಾದ್ಲು. ಇಲ್ಲಿ ಕುಂತಾಳಲ್ಲ, ಇಕಿನ್ನ ಮಾಡು. ಎಲ್ಲಾರೂ ನನ್ನ ಗಾಜಿನ ಬರಣಿ ಮಾಡಿ ಇಟ್ಟೀರಿ. ಬರಣಿನ್ನ ಯಾರೂ ಚಾಷ್ಟಿ ಮಾಡೂದಿಲ್ಲ."

ಶಬಾನಾಳ ಮುಖ ನೋಡಿದೆ. ಅವಳು ಹಳಿಗಳ ಕಡೆ ನೋಡುತ್ತಿದ್ದಳು. ನಾನು ಜೇಬಿನಿಂದ ಪೆನ್ನು ತೆಗೆದೆ. ಬಲಗೈ ತೊಡೆಯಡಿ ಇಟ್ಟೆ, ಹೊರತೆಗೆದೆ, ನಡುಗಿಸಿದೆ. ಅಂಜುತ್ತಾ ಅಂಜುತ್ತಾ, ಮೊಣಕೈಯಿಂದ ಹಿಡಿದು ಇಡೀ ಕೈಯನ್ನು ಅಲ್ಲಾಡಿಸಿದೆ.

ಆಪಾ ನಗಲಿಲ್ಲ. ಮುಖ ಗಂಟಿಕ್ಕಿದರು. "ನಾಚಿಕಿ ಬರೂದಿಲ್ಲೇನೋ ನಿನಗ?"

ನಾನು ಪೆನ್ನನ್ನು ಮೆಲ್ಲಗೆ ಜೇಬಿಗೆ ಸೇರಿಸಿದೆ.

"ಇದು ನಡುಗೂದೇನ? ಮಳ್ಯಾಗ ತೋಯಿಸಿಕೊ‍ಂಡ ನಾಯಿ ಮೈ ಜಾಡಿಸಿದಂಗ! ಮೂರ ವರ್ಷ ನನ್ನ ಮನ್ಯಾಗ ಕುಂತ ಏನ ನೋಡಿದಿ? ಮೊಣಕೈ ಅಲ್ಲಾಡೂದಿಲ್ಲ. ಹೆಬ್ಬಟ್ಟಿಂದ ಸುರು ಆಗ್ತೈತಿ. ತಾ ಇಲ್ಲಿ ಕೈ."

ಬುರ್ಖಾದ ತೋಳು ಮೇಲೇರಿಸಿ ಮುಂದಕ್ಕೆ ಬಾಗಿದರು. ನನ್ನ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನನ್ನ ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಿ, ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟರು. ಅವರ ನಡುಕ ನನ್ನ ಬೆರಳಿಗೆ ಬಂತು. ಬೆಚ್ಚಗೆ, ಸಣ್ಣಗೆ, ಬಿಡದೆ.

"ಸಡ್ಲ ಬಿಡು. ನೀ ನಡುಗಸಬ್ಯಾಡ. ತಾನ ಬರ್ಲಿ."

ಸಡಿಲ ಬಿಟ್ಟೆ. ಅವರು ಕೈ ತೆಗೆದ ಮೇಲೂ ಬೆರಳು ಆಡುತ್ತಲೇ ಇತ್ತು.

"ಹಾಂ! ಈಗ ಬಂತ ನೋಡ. ಇಕಿ ನಾನ!" ಎಂದು ಆಪಾ ನಕ್ಕರು. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, ತಲೆಯ ಮೇಲಿನ ಬುರ್ಖಾ ಜಾರುವಂತೆ ನಕ್ಕರು. ಶಬಾನಾ ಓಢಣಿಯಿಂದ ಕಣ್ಣೊರೆಸಿಕೊಳ್ಳುತ್ತಾ ಅವಳೂ ನಗತೊಡಗಿದಳು. ದೂರದ ತಿರುವಿನಲ್ಲಿ ರೈಲು ಕೂಗಿತು. ನಾನು ಚೀಲ ಎತ್ತಲು ಬಗ್ಗಿದೆ. ಆಪಾ ನನ್ನ ತೋಳು ಹಿಡಿದು ಕೂಡಿಸಿದರು.

"ಬರ್ಲೇಳು. ಇನ್ನೊಮ್ಮಿ ಮಾಡು."